ತೋಟದ ಜೀಪಿಗೆ ಎಂಥ ಜಾಕ್? ಸ್ಟೆಪ್ನಿ ಎಲ್ಲಿರಬೇಕು?

ಕಾಫಿ ಕೊಯ್ಲು, ಅಡಿಕೆ ಕೊಯ್ಲು ಎರಡೂ ಒಟ್ಟಿಗೆ ಬೀಳುವ ತಿಂಗಳುಗಳಲ್ಲಿ ನಮ್ಮ ಜೀಪು, ಪಿಕಪ್ಪುಗಳಿಗೆ ಬಿಡುವೆಂಬುದಿಲ್ಲ. ಹಣ್ಣು ಪಲ್ಪರ್ ಮನೆಗೆ ಹೋಗಬೇಕು, ಗೊನೆ ಸುಲಿಯುವ ಜಾಗಕ್ಕೆ ಬರಬೇಕು, ಗೊಬ್ಬರ ಗುಡ್ಡದ ಮೇಲಿನ ಬ್ಲಾಕಿಗೆ ಏರಬೇಕು. ಇಂಥ ಓಡಾಟದಲ್ಲಿ ಟಯರು ಕೈಕೊಡುವುದು ಹೆಚ್ಚಾಗಿ ಮಳೆಗೆ ಕೊರೆದುಹೋದ ತೋಟದ ದಾರಿಯಲ್ಲೇ, ಅದೂ ಏರಿನಲ್ಲೋ ಇಳಿಜಾರಿನಲ್ಲೋ. ಗಾಡಿ ಕೊಳ್ಳುವಾಗ ಮೈಲೇಜು, ಗೇರು, ಬೆಲೆ ಎಲ್ಲವನ್ನೂ ನಾಲ್ಕು ಕಡೆ ವಿಚಾರಿಸುವ ನಾವು, ಅದರೊಡನೆ ಬರುವ ಜಾಕ್ ನಮ್ಮ ನೆಲಕ್ಕೆ ಹೊಂದುವುದೇ ಎಂದು ಕೇಳುವುದು ಅಪರೂಪ. ಮಾಲೀಕನು ಕೊಂಡ ಜಾಕಿನ ಪಕ್ಕದಲ್ಲಿ ಮಂಡಿಯೂರಿ ಕೂರುವವನು ಬಹುಮಟ್ಟಿಗೆ ಡ್ರೈವರ್ ಹುಡುಗ, ಇಲ್ಲವೇ ತೋಟದ ಕೆಲಸಗಾರ. ಆದುದರಿಂದ ಈ ವಿಷಯವನ್ನು ಸದಸ್ಯರ ಗಮನಕ್ಕೆ ತರುವುದು ಅಗತ್ಯವೆನಿಸಿದೆ.

ಮೊದಲು ಉರುಳದಂತೆ ತಡೆ

ವಿಲ್ಲಿಸ್ ವಂಶದ ಹಳೆಯ ಜೀಪುಗಳು ಇನ್ನೂ ನಮ್ಮ ತೋಟಗಳಲ್ಲಿ ದುಡಿಯುತ್ತಿವೆ. ಇವುಗಳ ಹ್ಯಾಂಡ್ ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ; ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೆಂದರೆ, ಶಾಫ್ಟು ನಿಂತೇ ಇದ್ದರೂ, ಡಿಫರೆನ್ಷಿಯಲ್ಲಿನ ದೆಸೆಯಿಂದ ಎತ್ತಿದ ಚಕ್ರ ಒಂದು ದಿಕ್ಕಿಗೂ ನೆಲದ ಮೇಲಿನ ಚಕ್ರ ಇನ್ನೊಂದು ದಿಕ್ಕಿಗೂ ತಿರುಗಬಲ್ಲವು. ಅಂದರೆ ಬ್ರೇಕ್ ಎಳೆದಿದ್ದರೂ ಜೀಪು ಜಾರುತ್ತದೆ. ಎರಡು ಚಕ್ರದ ಓಟದಲ್ಲಿ ಬರಿಯ ಗೇರಿನಲ್ಲಿ ನಿಲ್ಲಿಸಿದರೂ ಇದೇ ಕಥೆ. ನಾಲ್ಕು ಚಕ್ರದ ಗೇರು ಹಾಕಿ, ಮುಂದಿನ ಹಬ್ಬುಗಳನ್ನು ಲಾಕ್ ಮಾಡಿದರೆ ಹಿಡಿತ ಹೆಚ್ಚುತ್ತದೆ. ಆದರೆ ಅದನ್ನೊಂದನ್ನೇ ನಂಬಬಾರದು.

ಹೊಸ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೇ ಇರುತ್ತದೆ. ಆದರೂ ಒಂದನ್ನು ಎತ್ತಿದ ಮೇಲೆ ನೆಲ ಹಿಡಿಯುವುದು ಒಂದೇ. ಆದ್ದರಿಂದ ಗಾಡಿ ಯಾವುದೇ ಇರಲಿ, ಮರದ ಎರಡು ಜೊತೆ ಬೆಣೆಗಳು ಅದರಲ್ಲಿ ಇರಲೇಬೇಕು. ಎತ್ತುವ ಮೂಲೆಗೆ ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಬೆಣೆ ಕೊಟ್ಟು, ಇಳಿಜಾರಿನ ಕಡೆಗೆ ಇನ್ನೊಂದು ಚಕ್ರಕ್ಕೂ ಕೊಟ್ಟು, ಆಮೇಲೆ ಜಾಕಿಗೆ ಕೈ ಹಾಕಬೇಕು. ದುಂಡನೆಯ ಕಲ್ಲು ಬೆಣೆಯಲ್ಲ. ಚಕ್ರ ಅದನ್ನು ಹತ್ತಿ ದಾಟುತ್ತದೆ.

ಜಾಕಿನ ಆಯ್ಕೆ

ಕಾರುಗಳ ಜೊತೆ ಬರುವ ಕತ್ತರಿ ಜಾಕ್ ಟಾರು ರಸ್ತೆಗೆ ಸಾಕು. ಅದರ ಬುಡ ಕಿರಿದು, ಸ್ಕ್ರೂ ಸಪೂರ. ನೆಲ ಸ್ವಲ್ಪ ಓರೆಯಾದರೂ ಮಗ್ಗುಲಿಗೆ ವಾಲುತ್ತದೆ. ತೋಟಕ್ಕೆ ನಮ್ಮ ಮೊದಲ ಶಿಫಾರಸು ಆಯಿಲಿನ ಬಾಟಲ್ ಜಾಕ್. ಕೊಳ್ಳುವಾಗ ಮೂರು ಅಳತೆ ನೋಡಬೇಕು.

ಒಂದು, ತೂಕ. ಗಾಡಿಯ ಖಾಲಿ ತೂಕ ನೋಂದಣಿ ಪತ್ರದಲ್ಲಿಯೇ ಇದೆ. ಉದಾಹರಣೆಗೆ ಪಿಕಪ್ಪಿನ ಖಾಲಿ ತೂಕ 1,700 ಕಿಲೋ, ಹೇರು 1,300 ಕಿಲೋ, ಒಟ್ಟು 3,000 ಕಿಲೋ ಎಂದಿರಲಿ. ಹೇರಿನ ಬಹುಪಾಲು ಹಿಂದಿನ ಆಕ್ಸಲಿನ ಮೇಲೆ ಬೀಳುವುದರಿಂದ ಅಲ್ಲಿ 2,000 ಕಿಲೋ ಎಂದುಕೊಂಡರೆ, ಒಂದು ಬದಿ ಎತ್ತುವಾಗ ಜಾಕಿನ ಮೇಲೆ ಸುಮಾರು 1,000 ಕಿಲೋ ಬರುತ್ತದೆ. ಓರೆ ನೆಲದಲ್ಲಿ ಇನ್ನೂ ಹೆಚ್ಚು. ಜೀಪಿಗೆ 2 ಟನ್ನಿನದು ಸಾಕು. ಹೇರು ಹೊರುವ ಪಿಕಪ್ಪಿಗೆ 3ರಿಂದ 5 ಟನ್ನಿನದು ಒಳ್ಳೆಯದು.

ಎರಡು, ಮಡಿಸಿದಾಗಿನ ಎತ್ತರ. ಗಾಳಿ ಹೋದ ಟಯರಿನ ಮೇಲೆ ಆಕ್ಸಲ್ ಹಲವು ಅಂಗುಲ ಕೆಳಗಿಳಿಯುತ್ತದೆ. ದೊಡ್ಡ ಜಾಕ್ ಆಗ ಅಡಿಗೇ ಹೋಗುವುದಿಲ್ಲ. ಮನೆಯಂಗಳದಲ್ಲಿ ಒಂದು ಟಯರಿನ ಗಾಳಿ ಬಿಟ್ಟು ಅಳತೆ ತೆಗೆದುಕೊಂಡು ಅಂಗಡಿಗೆ ಹೋಗುವುದು ಜಾಣತನ.

ಮೂರು, ಏರುವ ಎತ್ತರ. ಚಾಸಿಗೆ ಜಾಕ್ ಕೊಟ್ಟರೆ ಮೊದಲು ಸ್ಪ್ರಿಂಗುಗಳು ಪೂರ್ತಿ ಇಳಿದು, ಆಮೇಲಷ್ಟೇ ಚಕ್ರ ಏಳುತ್ತದೆ. ಹಿಂದಿನ ಗಟ್ಟಿ ಆಕ್ಸಲಿನ ಕೊಳವೆಗೆ, ಸ್ಪ್ರಿಂಗಿನ ಹತ್ತಿರ ಕೊಟ್ಟರೆ ಕಡಿಮೆ ಎತ್ತರದಲ್ಲೇ ಕೆಲಸ ಮುಗಿಯುತ್ತದೆ. ಮುಂದೆ ಗಟ್ಟಿ ಆಕ್ಸಲ್ ಇಲ್ಲದ ಗಾಡಿಗಳಲ್ಲಿ ಕಂಪೆನಿಯ ಪುಸ್ತಕ ತೋರಿಸಿದ ಜಾಗಕ್ಕೇ ಕೊಡಬೇಕು.

ಆಳೆತ್ತರದ ಹೈಲಿಫ್ಟ್ ಜಾಕಿನ ಮೋಹ ಈಗ ಹಲವರಿಗಿದೆ. ಕೆಸರಿನಲ್ಲಿ ಹೂತ ಜೀಪನ್ನು ಎತ್ತಲು ಅದು ಸಮರ್ಥ. ಆದರೆ ಅದಕ್ಕೆ ಗಟ್ಟಿ ಕಬ್ಬಿಣದ ಬಂಪರು ಬೇಕು. ಪ್ಲಾಸ್ಟಿಕ್ ಬಂಪರಿನ ಗಾಡಿಗೆ ಅದು ನಿರುಪಯೋಗಿ. ಇಳಿಸುವಾಗ ಹಿಡಿ ಕೈತಪ್ಪಿದರೆ ದವಡೆಗೆ ಬಡಿಯುವಷ್ಟು ವೇಗದಲ್ಲಿ ಏರಿಳಿಯುತ್ತದೆ. ಕಲಿಯದ ಕೈಗೆ ಅದನ್ನು ಕೊಡಲೇಬಾರದು.

ಜಾಕಿನ ಬುಡ

ಮೇಲಿನ ಲೆಕ್ಕದ 1,000 ಕಿಲೋ, 10 ಸೆಂಟಿಮೀಟರ್ ಚಚ್ಚೌಕದ ಬುಡದ ಮೇಲೆ ಕೂತರೆ ಪ್ರತಿ ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡ. ಅಡಿಗೆ 30 ಸೆಂಟಿಮೀಟರ್ ಚಚ್ಚೌಕದ ಹಲಗೆ ಕೊಟ್ಟರೆ ಅದೇ ಒತ್ತಡ ಒಂದು ಕಿಲೋಗಿಂತ ತುಸು ಮಾತ್ರ ಹೆಚ್ಚು. ಒಂಬತ್ತರಲ್ಲಿ ಒಂದು ಪಾಲು. ನೂರಾರು ರೂಪಾಯಿ ಹೆಚ್ಚು ಕೊಟ್ಟು ತಂದ ಜಾಕ್ ಮಾಡಲಾರದ್ದನ್ನು ಒಂದು ತುಂಡು ಹಲಗೆ ಮಾಡುತ್ತದೆ. ಹಲಗೆ ಎರಡು ಅಂಗುಲ ದಪ್ಪದ ಗಟ್ಟಿ ಮರದ್ದಿರಲಿ, ಮತ್ತಿಯೋ ಹಲಸೋ ಆದೀತು. ಅಡಿಕೆ ದಬ್ಬೆ ಜಾರುತ್ತದೆ, ಸೀಳುತ್ತದೆ. ಇಟ್ಟಿಗೆ, ಮುರಕಲ್ಲುಗಳು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಇವು ಮೂರೂ ಬೇಡ.

ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಒಳಗಿನ ವಾಷರು ಸವೆದರೆ ಆಯಿಲ್ ಜಾಕ್ ತಾನಾಗಿಯೇ ಇಳಿಯುತ್ತದೆ. ನೆಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ, ಎತ್ತಿದ ಕೂಡಲೇ ಸ್ಟೆಪ್ನಿಯನ್ನು ಚಾಸಿನ ಅಡಿಗೆ ಮಲಗಿಸಬೇಕು. ಚಕ್ರ ಬಿಚ್ಚಿದ ಮೇಲೆ ಅದನ್ನು ಅಡಿಗೆ ಸರಿಸಿ ಸ್ಟೆಪ್ನಿಯನ್ನು ಹೊರತೆಗೆಯಬೇಕು. ಜಾಕ್ ಜಾರಿದರೂ ಗಾಡಿ ಚಕ್ರದ ಮೇಲೆ ಕೂರುತ್ತದೆ, ಮನುಷ್ಯನ ಮೇಲಲ್ಲ. ಗಾಡಿಯ ಅಡಿಗೆ ಮಲಗಿ ಮಾಡುವ ರಿಪೇರಿಗಾದರೆ ಕಬ್ಬಿಣದ ಸ್ಟ್ಯಾಂಡುಗಳೇ ಬೇಕು.

ಸ್ಟೆಪ್ನಿಯ ಸ್ಥಾನ

ಸ್ಟೆಪ್ನಿ ಎಂಬ ಹೆಸರು ವೇಲ್ಸಿನ ಲಾನೆತ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರಲ್ಲಿ ಡೇವಿಸ್ ಸಹೋದರರು ಅಲ್ಲಿ ಹೆಚ್ಚುವರಿ ಚಕ್ರ ತಯಾರಿಸತೊಡಗಿದರು. ನಮ್ಮಲ್ಲಿ ಅದು ಸಾಮಾನ್ಯವಾಗಿ ಗಾಡಿಯ ಅಡಿಯಲ್ಲೋ ಹಿಂಬಾಗಿಲಲ್ಲೋ ಇರುತ್ತದೆ.

ಅಡಿಯಲ್ಲಿದ್ದರೆ ಭಾರ ಕೆಳಗಿರುತ್ತದೆ, ಒಳ್ಳೆಯದೇ. ಆದರೆ ಕೆಸರು ಮೆತ್ತಿ ಸರಪಳಿ, ತಿರುಪು ತುಕ್ಕು ಹಿಡಿಯುತ್ತವೆ. ಗಾಡಿ ಹೊಂಡಕ್ಕಿಳಿದಾಗ ಕೈಗೆಟುಕುವುದಿಲ್ಲ. ಮಳೆಗಾಲದ ಮೊದಲೊಮ್ಮೆ, ಕಳೆದ ಮೇಲೊಮ್ಮೆ ಇಳಿಸಿ, ತೊಳೆದು, ಗ್ರೀಸ್ ಹಚ್ಚಬೇಕು.

ಹಿಂಬಾಗಿಲಲ್ಲಿದ್ದರೆ ತೆಗೆಯುವುದು ಸುಲಭ. ಅಲ್ಲಿ ಪೂರ್ತಿ ಭಾರ ಹೊರುವುದು ಬಾಗಿಲಿನ ಕೀಲು. ಕಂಪೆನಿಯ ಅಳತೆಗಿಂತ ದೊಡ್ಡ ಟಯರು ಹಾಕಿಸಿದವರು ಕೀಲಿನ ಸುತ್ತ ಬಿರುಕು ಬಂದಿದೆಯೇ ಎಂದು ಆಗಾಗ ನೋಡಬೇಕು. ಬಂಪರಿನಿಂದ ತೆರೆದುಕೊಳ್ಳುವ ಪ್ರತ್ಯೇಕ ಕೈ ಹಾಕಿಸುವವರು, ಅದು ಇಳಿಜಾರಿನಲ್ಲಿ ಬೀಸಿ ಬಡಿಯದಂತೆ ತೆರೆದಾಗಲೂ ಹಿಡಿದಿಡುವ ಕೊಂಡಿ ಇದೆಯೇ ಎಂದು ನೋಡಿ ಕೊಳ್ಳಬೇಕು. ದೀಪ, ನಂಬರು ಮರೆಯಾಗಬಾರದು. ನೋಂದಣಿ ಪತ್ರದ ವಿವರ ಬದಲಾಗುವಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ತಡೆಯಿದೆಯೆಂಬುದೂ ನೆನಪಿರಲಿ. ಮಾಡಿನ ಮೇಲೆ ಕಟ್ಟಿದ ಸ್ಟೆಪ್ನಿ ಓರೆ ದಾರಿಯಲ್ಲಿ ಗಾಡಿಯನ್ನು ವಾಲಿಸುತ್ತದೆ. ಮೂಟೆಗಳ ನಡುವೆ ಕಟ್ಟದೆ ಬಿಟ್ಟದ್ದು ಬ್ರೇಕ್ ಹಾಕಿದಾಗ ಮುಂದಕ್ಕೆ ಹಾರುತ್ತದೆ.

ಗಾಳಿಯಿಲ್ಲದ ಸ್ಟೆಪ್ನಿ ಬರಿಯ ಹೊರೆ. ತಿಂಗಳಿಗೊಮ್ಮೆ ನಾಲ್ಕು ಚಕ್ರಗಳ ಜೊತೆ ಅದಕ್ಕೂ ಗಾಳಿ ನೋಡಿಸಬೇಕು. ಜಾಕನ್ನು ನೇರವಾಗಿ ನಿಲ್ಲಿಸಿಡಬೇಕು. ಆಯಿಲ್ ಕಡಿಮೆಯಾದರೆ ಜಾಕಿನ ಆಯಿಲನ್ನೇ ಹಾಕಬೇಕು. ಬ್ರೇಕ್ ಆಯಿಲ್ ಹಾಕಿದರೆ ವಾಷರು ಕೆಡುತ್ತದೆ.

ಸದಸ್ಯ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಈ ವಾರವೇ ಒಂದು ಸಂಜೆ, ಗಾಡಿ ಓಡಿಸುವವರನ್ನು ಕರೆದು, ಸಮತಟ್ಟಾದ ಅಂಗಳದಲ್ಲಿ ಚಕ್ರ ಬಿಚ್ಚಿ ಹಾಕುವ ಕೆಲಸವನ್ನು ಅವರ ಕೈಯಿಂದಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಒಂದು ಹಲಗೆ, ಎರಡು ಜೊತೆ ಬೆಣೆಗಳನ್ನು ಆಚಾರಿಯಿಂದ ಮಾಡಿಸಿ ಗಾಡಿಯಲ್ಲಿಡಿ. ಮುಂದಿನ ಸಾಮಾನ್ಯ ಸಭೆಗೆ ಬರುವಾಗ ನಿಮ್ಮ ಜಾಕನ್ನೂ ತನ್ನಿ. ಸಭೆ ಮುಗಿದ ಮೇಲೆ ಸಂಘದ ಅಂಗಳದಲ್ಲಿ ಎಲ್ಲವನ್ನೂ ಭಾರ ಕೊಟ್ಟು ಪರೀಕ್ಷಿಸೋಣ. ಹತ್ತು ನಿಮಿಷದಲ್ಲಿ ಇಳಿಯುವ ಜಾಕ್ ಯಾವುದೆಂದು ಅಲ್ಲಿಯೇ ತಿಳಿದರೆ, ತೋಟದ ಇಳಿಜಾರಿನಲ್ಲಿ ತಿಳಿಯಬೇಕಾದ ಪ್ರಸಂಗ ಬರಲಾರದು.