ಮೂರು ಬಾರಿ ಮತ ಹಾಕಿ ತಂದ ಇಂಟರ್‌ನೆಟ್

ಊರಿಗೆ ಕುಡಿಯುವ ನೀರು ಕೊಡುವುದು ಯಾರ ಕೆಲಸ ಎಂದು ಕೇಳಿದರೆ ಯಾರೂ ತಡವರಿಸುವುದಿಲ್ಲ. ನಗರಸಭೆಯದು ಎಂದು ತಟ್ಟನೆ ಹೇಳುತ್ತಾರೆ. ಬೀದಿ ದೀಪದ ವಿಷಯದಲ್ಲೂ ಅಷ್ಟೇ. ಆದರೆ ಮನೆ ಮನೆಗೆ ವೇಗದ ಇಂಟರ್‌ನೆಟ್ ಒದಗಿಸುವುದು ಯಾರ ಕೆಲಸ? ಅಮೆರಿಕದ ಕೊಲರಾಡೊ ರಾಜ್ಯದ ಲಾಂಗ್‌ಮಾಂಟ್ ಎಂಬ ಊರು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು 2009 ರಿಂದ 2013 ರ ನಡುವೆ ಮೂರು ಬಾರಿ ಮತ ಚಲಾಯಿಸಿತು. ಮೊದಲ ಸಲ ಬೇಡ ಎಂದಿತು. ಎರಡನೆಯ ಸಲ ಬೇಕು ಎಂದಿತು. ಮೂರನೆಯ ಸಲ, ಅದಕ್ಕಾಗಿ ಸಾಲ ಮಾಡಲೂ ಸಿದ್ಧ ಎಂದಿತು.

ಕೂಡಿ ಕಟ್ಟಿದ ಊರು

ಲಾಂಗ್‌ಮಾಂಟ್ ರಾಕಿ ಪರ್ವತಗಳ ತಪ್ಪಲಿನಲ್ಲಿ, ರಾಜ್ಯದ ರಾಜಧಾನಿ ಡೆನ್ವರ್‌ನ ಉತ್ತರಕ್ಕಿದೆ. 2010 ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 86 ಸಾವಿರ. ಊರು ಹುಟ್ಟಿದ ಬಗೆಯೇ ಸ್ವಾರಸ್ಯಕರ. 1871 ರಲ್ಲಿ ಷಿಕಾಗೊ ನಗರದಲ್ಲಿ ಒಂದು ಗುಂಪು ಸದಸ್ಯರಿಂದ ಹಣ ಕೂಡಿಸಿ, ಪಶ್ಚಿಮದ ಬಯಲಿನಲ್ಲಿ ಭೂಮಿ ಕೊಂಡು ಈ ಊರನ್ನು ಸ್ಥಾಪಿಸಿತು. ಒಣಭೂಮಿಗೆ ನೀರು ಹರಿಸಲು ಸೇರಿಕೊಂಡೇ ಕಾಲುವೆ ತೋಡಿದರು. ಎಲಿಜಬೆತ್ ಥಾಂಪ್ಸನ್ ಎಂಬ ದಾನಿಯ ನೆರವಿನಿಂದ ಅದೇ ವರ್ಷ ಗ್ರಂಥಾಲಯವೂ ಎದ್ದಿತು. 1912 ರಿಂದ ಊರಿನ ವಿದ್ಯುತ್ ಸರಬರಾಜು ನಗರಾಡಳಿತದ ಕೈಯಲ್ಲೇ ಇದೆ.

ಅಂದರೆ, ಒಬ್ಬೊಬ್ಬರಿಂದ ಆಗದ್ದನ್ನು ಎಲ್ಲರೂ ಸೇರಿ ಮಾಡಿಕೊಳ್ಳುವುದು ಈ ಊರಿಗೆ ಹೊಸದೇನಲ್ಲ. ಇಂಟರ್‌ನೆಟ್ಟಿನ ಕಥೆಗೂ ಮೊದಲ ಎಳೆ ಸಿಗುವುದು ವಿದ್ಯುತ್ ಇಲಾಖೆಯಲ್ಲೇ.

ನೆಲದಡಿ ಮಲಗಿದ್ದ ಗಾಜಿನ ಎಳೆ

ಲಾಂಗ್‌ಮಾಂಟ್ ಸೇರಿದಂತೆ ನಾಲ್ಕು ಊರುಗಳು ಒಡೆತನ ಹೊಂದಿರುವ ವಿದ್ಯುತ್ ಸಂಸ್ಥೆಯೊಂದು 1997 ರಲ್ಲಿ ಲಾಂಗ್‌ಮಾಂಟ್ ಸುತ್ತ ಆಪ್ಟಿಕಲ್ ಫೈಬರ್ ಕೇಬಲ್ ಹಾಕಿತು. ವಿದ್ಯುತ್ ಉಪಕೇಂದ್ರಗಳ ನಡುವೆ ಸಂಪರ್ಕ ಕಲ್ಪಿಸುವುದು ಅದರ ಉದ್ದೇಶ. ಆಪ್ಟಿಕಲ್ ಫೈಬರ್ ಎಂದರೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಮಾಹಿತಿಯು ಬೆಳಕಿನ ಮಿಣುಕುಗಳಾಗಿ ಅದರೊಳಗೆ ಓಡುತ್ತದೆ. ಇಲ್ಲಿ ದುಬಾರಿಯಾದದ್ದು ಗಾಜಲ್ಲ, ನೆಲ ಅಗೆಯುವ ಕೆಲಸ. ಆದ್ದರಿಂದ ಒಮ್ಮೆ ಅಗೆದಾಗಲೇ ಬೇಕಾದ್ದಕ್ಕಿಂತ ಹೆಚ್ಚು ಎಳೆಗಳನ್ನು ಹಾಕಿಬಿಡುವುದು ವಾಡಿಕೆ. ಹಾಗೆ ಹಾಕಿದ ಹೆಚ್ಚುವರಿ ಎಳೆಗಳು ಕೆಲಸವಿಲ್ಲದೆ ನೆಲದಡಿ ಮಲಗಿದ್ದವು.

ಅವುಗಳಿಂದ ಮನೆಗಳಿಗೆ ಇಂಟರ್‌ನೆಟ್ ಕೊಡಬಾರದೇಕೆ ಎಂದು ನಗರಾಡಳಿತ ಯೋಚಿಸಿದ್ದು ಸಹಜ. ಖಾಸಗಿ ಕಂಪನಿಯೊಂದರ ಜತೆ ಕೈಜೋಡಿಸಿ ಮಾಡಿದ ಮೊದಲ ಪ್ರಯತ್ನ, ಆ ಕಂಪನಿ ದಿವಾಳಿಯಾದ್ದರಿಂದ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಕಾನೂನೇ ಅಡ್ಡ ಬಂತು.

ಗೋಡೆಯಂಥ ಕಾನೂನು

2005 ರಲ್ಲಿ ಕೊಲರಾಡೊ ಶಾಸನಸಭೆ, ದೂರಸಂಪರ್ಕ ಉದ್ಯಮದ ಬೆಂಬಲವಿದ್ದ ಕಾನೂನೊಂದನ್ನು ಅಂಗೀಕರಿಸಿತು. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳು ಇಂಟರ್‌ನೆಟ್ ಸೇವೆ ಕೊಡುವಂತಿಲ್ಲ. ಕೊಡಲೇಬೇಕೆಂದರೆ ಮೊದಲು ಊರಿನ ಮತದಾರರ ಒಪ್ಪಿಗೆ ಪಡೆಯಬೇಕು.

ಉದ್ಯಮಕ್ಕೆ ಇಷ್ಟು ಆಸಕ್ತಿ ಏಕೆ? ಉತ್ತರ ಈ ವ್ಯವಹಾರದ ಸ್ವರೂಪದಲ್ಲೇ ಇದೆ. ಬೀದಿಯುದ್ದಕ್ಕೂ ಕೇಬಲ್ ಹಾಕುವ ಮೊದಲ ಖರ್ಚು ಭಾರಿಯಾದದ್ದು. ಆಮೇಲೆ ಒಂದೊಂದು ಮನೆ ಸೇರಿಸುವ ಖರ್ಚು ಕಡಿಮೆ. ಹೀಗಾಗಿ ಮೊದಲು ಬಂದವನದೇ ಬೀದಿ. ಎರಡನೆಯವನು ಅಷ್ಟು ಹಣ ಸುರಿದು ಬರಲು ಹಿಂಜರಿಯುತ್ತಾನೆ. ಪೈಪೋಟಿ ಇಲ್ಲದ ಕಡೆ ದರ ಇಳಿಯುವುದಿಲ್ಲ, ಲಾಭವಿಲ್ಲದ ಬೀದಿಗೆ ಕೇಬಲ್ ಬರುವುದಿಲ್ಲ. ಇಂಥ ಕಡೆ ನಗರಾಡಳಿತವೇ ಕಣಕ್ಕಿಳಿದರೆ ಲೆಕ್ಕಾಚಾರ ತಲೆಕೆಳಗಾಗುತ್ತದೆ.

2009 ರಲ್ಲಿ ಲಾಂಗ್‌ಮಾಂಟ್ ಜನರ ಮುಂದೆ ಪ್ರಶ್ನೆ ಬಂತು. ತೆರಿಗೆದಾರರ ಹಣ ಪೋಲಾಗುತ್ತದೆ, ಊರು ಸಾಲದಲ್ಲಿ ಮುಳುಗುತ್ತದೆ ಎಂಬ ಪ್ರಚಾರ ಜೋರಾಗಿ ನಡೆಯಿತು. ಎದುರಾಳಿಗಳು ಇದಕ್ಕಾಗಿ 2 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚು ಮಾಡಿದರು. ನಗರಾಡಳಿತ ಮಾತ್ರ ಬಾಯಿ ಕಟ್ಟಿಕೊಂಡು ಕೂರಬೇಕಾಯಿತು. ಚುನಾವಣೆಯ ಪ್ರಚಾರಕ್ಕೆ ಸಾರ್ವಜನಿಕರ ಹಣ ಬಳಸಲು ರಾಜ್ಯದ ಕಾನೂನಿನಲ್ಲಿ ಅವಕಾಶವಿಲ್ಲ. ಪರವಾಗಿ ಬಂದದ್ದು ಶೇ 44 ರಷ್ಟು ಮತ. ಪ್ರಸ್ತಾಪ ಬಿದ್ದುಹೋಯಿತು.

ಬಾಯಿಮಾತಿನ ಪ್ರಚಾರ

ಎರಡು ವರ್ಷಗಳ ನಂತರ, 2011 ರಲ್ಲಿ ಅದೇ ವಿಷಯ ಮತ್ತೆ ಮತಕ್ಕೆ ಬಂತು. ಈ ಸಲ ವಿರೋಧಿ ಪ್ರಚಾರಕ್ಕೆ ಸುಮಾರು 4 ಲಕ್ಷ ಡಾಲರ್ ಹರಿಯಿತು. ಆದರೆ ಈ ಸಲ ಇನ್ನೊಂದು ಪಕ್ಷವೂ ಇತ್ತು. ಊರಿನ ನಾಗರಿಕರೇ ಗುಂಪು ಕಟ್ಟಿಕೊಂಡಿದ್ದರು. ಅವರ ಬಳಿ ಇದ್ದ ಹಣ ಎದುರಾಳಿಗಳ ಮುಂದೆ ಏನೂ ಅಲ್ಲ. ನೆರೆಹೊರೆಯವರೊಡನೆ ಮಾತು, ಪತ್ರಿಕೆಗೆ ಬರೆದ ಪತ್ರ, ಇವೇ ಅವರ ಬಂಡವಾಳ. ಅವರು ಹೇಳಿದ ಮಾತು ಸರಳವಾಗಿತ್ತು: ನಾವು ಈಗ ಕೇಳುತ್ತಿರುವುದು ಹಣವನ್ನಲ್ಲ, ನಮ್ಮ ಊರಿನ ಆಸ್ತಿಯನ್ನು ಹೇಗೆ ಬಳಸಬೇಕೆಂದು ತೀರ್ಮಾನಿಸುವ ಹಕ್ಕನ್ನು.

ಈ ಮಾತು ಜನರಿಗೆ ಹಿಡಿಸಿತು. ಶೇ 60 ಕ್ಕೂ ಹೆಚ್ಚು ಮಂದಿ ಹೌದು ಎಂದರು. ದೊಡ್ಡ ದುಡ್ಡಿನ ಪ್ರಚಾರವೇ ಜನರಲ್ಲಿ ಅನುಮಾನ ಹುಟ್ಟಿಸಿರಬೇಕು. ನಷ್ಟವಾಗುವುದು ನಮಗೆ ಎಂದಾದರೆ, ಇವರೇಕೆ ಇಷ್ಟು ಖರ್ಚು ಮಾಡುತ್ತಿದ್ದಾರೆ?

2013 ರಲ್ಲಿ ಮೂರನೆಯ ಪ್ರಶ್ನೆ. ಊರಿಡೀ ಫೈಬರ್ ಹಾಕಲು 4 ಕೋಟಿ 53 ಲಕ್ಷ ಡಾಲರ್‌ವರೆಗೆ ಬಾಂಡ್ ಮೂಲಕ ಸಾಲ ಎತ್ತಬಹುದೇ? ಸುಮಾರು ಶೇ 68 ರಷ್ಟು ಜನ ಒಪ್ಪಿದರು. ಮರುವರ್ಷವೇ 'ನೆಕ್ಸ್ಟ್‌ಲೈಟ್' ಹೆಸರಿನಲ್ಲಿ ಕೆಲಸ ಶುರುವಾಯಿತು.

ದರದ ಗುಟ್ಟು

ತಮ್ಮ ಬಡಾವಣೆಗೆ ಸೇವೆ ಬಂದ ಮೂರು ತಿಂಗಳೊಳಗೆ ಸೇರಿದವರಿಗೆ ತಿಂಗಳಿಗೆ 49 ಡಾಲರ್ 95 ಸೆಂಟ್ ದರ ನಿಗದಿಯಾಯಿತು. ವೇಗ ಸೆಕೆಂಡಿಗೆ ಒಂದು ಗಿಗಾಬಿಟ್. ಒಂದು ಗಿಗಾಬೈಟ್ ಗಾತ್ರದ ಚಲನಚಿತ್ರ ಹತ್ತು ಸೆಕೆಂಡಿನೊಳಗೆ ಮನೆಗೆ ಬಂದಿಳಿಯುವ ವೇಗ ಅದು. ಮನೆಯಿಂದ ಹೊರಗೆ ಕಳಿಸುವಾಗಲೂ ಅದೇ ವೇಗ. ನಮ್ಮ ಲೆಕ್ಕದಲ್ಲಿ ಈ ದರ ದುಬಾರಿ ಎನಿಸೀತು. ಆದರೆ 2012 ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಗೂಗಲ್ ಕಂಪನಿ ಇದೇ ವೇಗಕ್ಕೆ 70 ಡಾಲರ್ ಗೊತ್ತುಮಾಡಿದಾಗ ಅದನ್ನೇ ಅಗ್ಗ ಎಂದು ಅಮೆರಿಕನ್ನರು ಕೊಂಡಾಡಿದ್ದರು.

ಮೂರು ತಿಂಗಳ ಗಡುವಿಗೂ ಕಾರಣವಿದೆ. ಒಂದು ಬೀದಿಯಲ್ಲಿ ಐದು ಮನೆ ಸೇರಲಿ, ಐವತ್ತು ಸೇರಲಿ, ಬೀದಿ ಅಗೆಯುವ ಖರ್ಚು ಬಹುತೇಕ ಒಂದೇ. ಹೆಚ್ಚು ಜನ ಬೇಗ ಸೇರಿದಷ್ಟೂ ತಲಾ ಖರ್ಚು ಇಳಿಯುತ್ತದೆ. ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮನೆಗಳು ಸೇರಬಹುದೆಂಬ ಅಂದಾಜಿತ್ತು. ಸೇರಿದ್ದು ಅರ್ಧಕ್ಕೂ ಹೆಚ್ಚು. 2018 ರಲ್ಲಿ 'ಪಿಸಿ ಮ್ಯಾಗಜೀನ್' ಪತ್ರಿಕೆ ಇಡೀ ಅಮೆರಿಕದ ಅತಿವೇಗದ ಇಂಟರ್‌ನೆಟ್ ಸೇವೆ ಎಂದು ನೆಕ್ಸ್ಟ್‌ಲೈಟ್ ಅನ್ನು ಹೆಸರಿಸಿತು. ಬಡ ಕುಟುಂಬಗಳ ಶಾಲಾ ಮಕ್ಕಳಿಗೆ ದೇಣಿಗೆಯ ನೆರವಿನಿಂದ ಸಂಪರ್ಕ ಕೊಡುವ ಯೋಜನೆಯೂ ಬಂತು.

ಎಲ್ಲ ಊರಿಗೂ ಈ ಭಾಗ್ಯ ಸಿಕ್ಕಿಲ್ಲ ಎಂಬುದನ್ನೂ ಹೇಳಬೇಕು. ನೆರೆಯ ಯೂಟಾ ರಾಜ್ಯದ ಪ್ರೊವೊ ನಗರ ಸುಮಾರು 3 ಕೋಟಿ 90 ಲಕ್ಷ ಡಾಲರ್ ಸಾಲ ಮಾಡಿ ಫೈಬರ್ ಹಾಕಿಸಿತು. ಅದನ್ನು ನಡೆಸಲಾಗದೆ 2013 ರಲ್ಲಿ ಗೂಗಲ್‌ಗೆ ಮಾರಿತು. ಬೆಲೆ ಒಂದು ಡಾಲರ್! ಸಾಲವನ್ನು ಮಾತ್ರ ಊರಿನವರೇ ವಿದ್ಯುತ್ ಬಿಲ್ಲಿನ ಜತೆ ತೀರಿಸಬೇಕಾಯಿತು. ಲಾಂಗ್‌ಮಾಂಟ್‌ನಲ್ಲಿ ಎದುರಾಳಿಗಳು ಎತ್ತಿದ ಭಯ ಪೂರ್ತಿ ಸುಳ್ಳೇನಲ್ಲ. ಊರಿನದು ಎಂದಮಾತ್ರಕ್ಕೆ ಯಾವುದೂ ತಾನಾಗಿ ನಡೆಯುವುದಿಲ್ಲ.

ಏಣಿಯಾದ ಗೋಡೆ

ಲಾಂಗ್‌ಮಾಂಟ್‌ನ ನಂತರ ಕೊಲರಾಡೊದಲ್ಲಿ ಊರಿಗೊಂದರಂತೆ ಮತದಾನ ನಡೆಯಿತು. ಪಕ್ಕದ ಫೋರ್ಟ್ ಕಾಲಿನ್ಸ್ 2015 ರಲ್ಲಿ ಹಕ್ಕು ಪಡೆದು, 2017 ರಲ್ಲಿ ಸ್ವಂತ ಸೇವೆಗೆ ಒಪ್ಪಿಗೆ ಕೊಟ್ಟಿತು. ನೂರಕ್ಕೂ ಹೆಚ್ಚು ಊರು, ಕೌಂಟಿಗಳು ಹಕ್ಕನ್ನು ಮತದ ಮೂಲಕ ಮರಳಿ ಪಡೆದವು. ಕೊನೆಗೆ 2023 ರ ಮೇ ತಿಂಗಳಲ್ಲಿ ರಾಜ್ಯಪಾಲ ಜ್ಯಾರೆಡ್ ಪೋಲಿಸ್ ಹೊಸ ಮಸೂದೆಗೆ ಸಹಿ ಹಾಕಿದರು. ಮತದಾನದ ನಿರ್ಬಂಧ ರದ್ದಾಯಿತು.

ಈಗ ಅಲ್ಲಿನ ಊರುಗಳು ಜನರನ್ನು ಕೇಳದೆಯೂ ಈ ಸೇವೆಗೆ ಇಳಿಯಬಹುದು. ಹಾದಿ ಸುಗಮವಾಯಿತು, ನಿಜ. ಆದರೆ ಲಾಂಗ್‌ಮಾಂಟ್‌ಗೆ ಬಲ ಬಂದದ್ದು ಆ ಅಡ್ಡಿಯಿಂದಲೇ. ಜನರನ್ನು ಕೇಳಿಯೇ ಮುಂದುವರಿಯಬೇಕು ಎಂಬ ಷರತ್ತು ಹಾಕಿದವರು ಅದನ್ನು ಗೋಡೆ ಎಂದು ಭಾವಿಸಿದ್ದರು. ಮೂರು ಸಲ ಕೇಳಿಸಿಕೊಂಡ ಜನ, ವಿಷಯ ತಿಳಿದುಕೊಂಡರು, ವಾದ ಮಾಡಿದರು, ಒಮ್ಮೆ ತಿರಸ್ಕರಿಸಿ ಆಮೇಲೆ ಒಪ್ಪಿದರು. ಕೇಬಲ್ ತಮ್ಮ ಬೀದಿಗೆ ಬಂದಾಗ ಅದು ಯಾರದೋ ಕಂಪನಿಯ ತಂತಿಯಾಗಿರಲಿಲ್ಲ. ತಾವೇ ಮತ ಹಾಕಿ ತರಿಸಿಕೊಂಡದ್ದಾಗಿತ್ತು. ಅಂದಾಜು ಮೀರಿ ಅರ್ಧಕ್ಕೂ ಹೆಚ್ಚು ಮನೆಗಳು ಸೇರಿದ್ದಕ್ಕೆ ಅಗ್ಗದ ದರದಷ್ಟೇ ಇದೂ ಕಾರಣವಿದ್ದೀತು.