ನಿರಿಗೆ ತೋಳಿನ ಕುಬಸ: ಮನೆಯಲ್ಲಿ ಹೊಲಿಯುವ ಬಗೆ

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ, ಹೆಣ್ಣುಮಕ್ಕಳಿರುವ ಮನೆಯ ಟ್ರಂಕನ್ನು ತೆರೆದರೆ ಹೊಲಿಸದೆ ಉಳಿದ ನಾಲ್ಕಾರು ಖಣಗಳು ಕಾಣಸಿಗುವುದು ಅಪರೂಪವಲ್ಲ. ನಾಗರಪಂಚಮಿಗೆ ತವರಿನವರು ಕೊಟ್ಟದ್ದೊಂದು, ಮದುವೆಯಲ್ಲಿ ಉಡಿ ತುಂಬಿದ್ದೊಂದು, ಕುಬಸದ ಕಾರ್ಯದಲ್ಲಿ ಬಂದದ್ದು ಮತ್ತೊಂದು. ಹೊಲಿಸಹೋದರೆ ಸಿಂಪಿಗನ ಕೂಲಿ ಕೆಲವೊಮ್ಮೆ ಬಟ್ಟೆಯ ಬೆಲೆಯನ್ನೇ ಮೀರುತ್ತದೆ. ಮನೆಯಲ್ಲೇ ಕತ್ತರಿಸೋಣವೆಂದರೆ ಕೈ ನಡುಗುತ್ತದೆ. ಕತ್ತರಿ ಬಾಯಿ ಹಾಕಿದ ಬಟ್ಟೆ ಮತ್ತೆ ಕೂಡದಷ್ಟೆ! ಈ ಅಂಜಿಕೆಯನ್ನು ಕಳೆಯುವ ಉಪಾಯ ಲೆಕ್ಕದಲ್ಲಿದೆ. ಅದನ್ನು ಇಲ್ಲಿ ವಿವರಿಸುತ್ತೇನೆ.

‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆದಕಾರಣ ಇಲ್ಲಿ ಮೊದಲು ಮಾತಿನ ವಿಚಾರ ಮಾಡುವುದು ಸಲ್ಲುತ್ತದೆ. ಸಂಸ್ಕೃತದ ‘ಕೂರ್ಪಾಸ’ ಕನ್ನಡದಲ್ಲಿ ‘ಕುಪ್ಪಸ’ವಾಯಿತು, ನಮ್ಮ ಬಾಯಲ್ಲಿ ಅದು ‘ಕುಬಸ’. ‘ನಿರಿಗೆ’ ಎಂಬುದು ಹಳಗನ್ನಡದ ‘ನಿಱಿ’ಯಿಂದ ಬಂದದ್ದು. ಸೀರೆಯ ನಿರಿಗೆಯನ್ನು ನಾವು ಬೆರಳಿನಿಂದ ಅಳೆದು ಒಂದರ ಮೇಲೊಂದು ಮಡಿಸುತ್ತೇವೆ. ತೋಳಿನ ನಿರಿಗೆಯಾದರೋ ದಾರದಿಂದ ಸೆಳೆದದ್ದು. ಅಗಲವಾದ ಬಟ್ಟೆಯನ್ನು ಕಿರಿದಾದ ಸ್ಥಳದಲ್ಲಿ ಕೂಡಿಸುವ ಕ್ರಮ. 1890ರ ದಶಕದಲ್ಲಿ ಯುರೋಪಿನ ಹೆಂಗಸರ ಉಡುಪಿನಲ್ಲಿ ಇಂಥ ಉಬ್ಬುತೋಳುಗಳು ಬಹಳ ದೊಡ್ಡದಾಗಿ ಬೆಳೆದಿದ್ದವು. ನಮ್ಮ ದೇಶದ ಪಟ್ಟಣಗಳ ರವಿಕೆಗೂ ಆ ಮಾದರಿ ಬಂದಿತು. ಮಕ್ಕಳು ಇದನ್ನು ಪುಗ್ಗಾ ತೋಳು ಎನ್ನುತ್ತಾರೆ.

ಹೊಸಬರು ಸಾಮಾನ್ಯವಾಗಿ ತಿಳಿಯುವುದೇನೆಂದರೆ, ದಾರವನ್ನು ಹೆಚ್ಚು ಎಳೆದರೆ ತೋಳು ಹೆಚ್ಚು ಉಬ್ಬೀತು ಎಂದು. ಇದು ಸರಿಯಲ್ಲ. ಉಬ್ಬು ಬರುವುದು ಕತ್ತರಿಸುವಾಗ ಬಿಟ್ಟ ಹೆಚ್ಚಿನ ಬಟ್ಟೆಯಿಂದ. ಆ ಹೆಚ್ಚಳ ಅಗಲದಲ್ಲಿಯೂ ಇರಬೇಕು, ಎತ್ತರದಲ್ಲಿಯೂ ಇರಬೇಕು. ಅಗಲ ಮಾತ್ರ ಬಿಟ್ಟು ಎತ್ತರ ಬಿಡದಿದ್ದರೆ ನಿರಿಗೆಗಳು ಭುಜದ ಮೇಲೆ ಏಳದೆ ತೋಳಿಗೆ ಅಂಟಿಕೊಂಡು ಬೀಳುತ್ತವೆ.

ಲೆಕ್ಕ ಹೀಗೆ. ತೋಳಿನ ಸುತ್ತಳತೆ 11 ಇಂಚು ಎಂದುಕೊಳ್ಳಿ. ಕೈಯಾಡಲು 1 ಇಂಚು, ಹೊಲಿಗೆಗೆ ಎರಡು ಬದಿಗೂ ಅರ್ಧರ್ಧ ಇಂಚು ಸೇರಿ ಸಾದಾ ತೋಳಿಗೆ 13 ಇಂಚು ಅಗಲ ಬೇಕು. ನಿರಿಗೆಗೆ 4 ಇಂಚು ಸೇರಿಸಿದರೆ 17 ಆಯಿತು. ಎರಡು ಸಾದಾ ತೋಳಿಗೆ 26 ಇಂಚು ಸಾಕಾದಲ್ಲಿ ಎರಡು ನಿರಿಗೆ ತೋಳಿಗೆ 34 ಇಂಚು, ಅಂದರೆ ಒಂದು ಗಜಕ್ಕೆ ಎರಡೇ ಇಂಚು ಕಡಿಮೆ. ಬಟ್ಟೆ ಸಾಲದಿದ್ದರೆ ಮೈಭಾಗವನ್ನು ಬಿಗಿ ಮಾಡಬೇಡಿರಿ. ನಿರಿಗೆಯನ್ನು 4ರಿಂದ 2 ಇಂಚಿಗೆ ಇಳಿಸಿರಿ.

ಇನ್ನು ಕಾಗದದ ಕೆಲಸ. ಮೈಗೆ ಸರಿಯಾಗಿ ಕೂಡುವ ಹಳೆಯ ಕುಬಸದ ತೋಳನ್ನು ಬಿಚ್ಚಿ, ವೃತ್ತಪತ್ರಿಕೆಯ ಮೇಲಿಟ್ಟು ಅದರ ಆಕಾರ ತೆಗೆಯಿರಿ. ಭುಜದ ತುದಿಯಿಂದ ಕೆಳ ಅಂಚಿನವರೆಗೆ ನಟ್ಟನಡುವೆ ಒಂದು ಗೆರೆ, ಅದರ ಎರಡು ಪಕ್ಕಕ್ಕೆ ಒಂದೂವರೆ ಇಂಚು ದೂರದಲ್ಲಿ ಒಂದೊಂದು ಗೆರೆ ಎಳೆದು, ಮೂರರ ಮೇಲೂ ಕತ್ತರಿಸಿರಿ. ನಾಲ್ಕು ತುಂಡುಗಳನ್ನು ಇನ್ನೊಂದು ಕಾಗದದ ಮೇಲೆ ಹರಡಿರಿ: ನಡುವಿನ ಸಂದು 2 ಇಂಚು, ಪಕ್ಕದ ಸಂದುಗಳು ಒಂದೊಂದು ಇಂಚು. ಭುಜದ ತುದಿಯನ್ನು 1 ಇಂಚು ಮೇಲಕ್ಕೇರಿಸಿ, ಹಳೆಯ ಕಮಾನಿಗೆ ನಯವಾಗಿ ಕೂಡಿಸಿರಿ. ತೋಳಿನ ಕೆಳಗೆ ಪಟ್ಟಿ ಕೂಡಿಸುವುದರಿಂದ ಪಟ್ಟಿಯ ಅಗಲದಷ್ಟು ಉದ್ದವನ್ನು ತಗ್ಗಿಸಿರಿ. ತೋಳಿನ ಮುಂಭಾಗದ ಕಮಾನು ಹಿಂಭಾಗಕ್ಕಿಂತ ಆಳವಾಗಿರುತ್ತದೆ; ಮುಂದಿನ ಕಡೆಗೆ ಒಂದು, ಹಿಂದಿನ ಕಡೆಗೆ ಎರಡು ಗುರುತು ಹಾಕಿರಿ. ಬಟ್ಟೆಯನ್ನು ಇಮ್ಮಡಿಸಿ ಕತ್ತರಿಸಿದರೆ ಎಡತೋಳು ಬಲತೋಳು ತಾವಾಗಿಯೇ ಜೋಡಿಯಾಗುತ್ತವೆ. ಇಲ್ಲವಾದರೆ ಎರಡೂ ಒಂದೇ ಕೈಯವಾಗುವ ಭಯವುಂಟು.

ಹತ್ತಿಯ ಬಟ್ಟೆಯನ್ನು ಮೊದಲೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಹೊಲಿದ ಮೇಲೆ ಕುಗ್ಗಬಾರದು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣದಂಥ ರೇಷ್ಮೆ ಬೆರೆತ ಬಟ್ಟೆಯಾದರೆ ಮೂಲೆಯನ್ನು ಮಾತ್ರ ಒದ್ದೆ ಮಾಡಿ ಬಣ್ಣ ಬಿಡುವುದೇ ಎಂದು ನೋಡಿರಿ. ಇಂಥ ಬಟ್ಟೆಯ ಕತ್ತರಿಸಿದ ಅಂಚಿನಿಂದ ಎಳೆ ಬೇಗ ಬಿಚ್ಚುತ್ತದೆ. ಕೂಡಲೇ ಅಂಚಿಗೆ ಸುತ್ತುಹೊಲಿಗೆ ಹಾಕಬೇಕು. ಖಣದ ಅಂದವೆಲ್ಲ ಅದರ ಅಂಚಿನಲ್ಲಿರುವುದರಿಂದ ಅದನ್ನು ನಿರಿಗೆಯಲ್ಲಿ ಮುಚ್ಚಿಬಿಡಬಾರದು. ಎರಡು ಪಕ್ಕದ ಅಂಚುಗಳಿಂದ 13 ಇಂಚಿನ ಒಂದೊಂದು ಪಟ್ಟಿ ತೆಗೆದು, ತೋಳಿನ ಕೆಳಗೆ ಕೂಡಿಸಿದರೆ ಅಂಚು ಚಪ್ಪಟೆಯಾಗಿ ಎದ್ದು ಕಾಣುತ್ತದೆ.

ಹೊಲಿಯುವ ಕ್ರಮ ಇದು. ಯಂತ್ರದ ಹೊಲಿಗೆಯನ್ನು ಆದಷ್ಟು ಉದ್ದ ಮಾಡಿ, ಮೇಲಿನ ದಾರವನ್ನು ತುಸು ಸಡಿಲಿಸಿರಿ. ತೋಳಿನ ಮೇಲಂಚಿನಿಂದ ಕಾಲು ಇಂಚಿಗೆ ಒಂದು ಸಾಲು, ಅರ್ಧ ಇಂಚಿಗೆ ಇನ್ನೊಂದು ಸಾಲು. ಈ ಸಾಲುಗಳು ಭುಜದ ತುದಿಯ ಎರಡು ಕಡೆಗೂ ನಾಲ್ಕು ನಾಲ್ಕು ಇಂಚು ಇದ್ದರೆ ಸಾಕು. ಕಂಕುಳಲ್ಲಿ ನಿರಿಗೆ ಬಂದರೆ ಒತ್ತುತ್ತದೆ. ಕೆಳ ಅಂಚಿಗೂ ಹಾಗೆಯೇ ಎರಡು ಸಾಲು ಹಾಕಿ, ಅಡಿಯ ದಾರಗಳನ್ನು ಮೆಲ್ಲಗೆ ಸೆಳೆದು, ಪಟ್ಟಿಯ ಅಳತೆಗೆ ತಂದು ಪಟ್ಟಿ ಕೂಡಿಸಿರಿ. ಆಮೇಲೆ ತೋಳಿನ ಪಕ್ಕದ ಹೊಲಿಗೆ. ಕೊನೆಗೆ ತೋಳನ್ನು ಮೈಭಾಗಕ್ಕೆ ಕೂಡಿಸುವುದು: ಭುಜಕ್ಕೆ ಭುಜ, ಕಂಕುಳಿಗೆ ಕಂಕುಳು, ಗುರುತಿಗೆ ಗುರುತು ಟಾಚಣಿ ಚುಚ್ಚಿ, ಸೂಜಿಯ ಮೊನೆಯಿಂದ ನಿರಿಗೆಗಳನ್ನು ಸಮನಾಗಿ ಹಂಚಿ, ಮೊದಲು ಕೈಯಿಂದ ಟಾಕು ಹಾಕಿರಿ. ಯಂತ್ರದ ಕೆಳಗಿಡುವಾಗ ನಿರಿಗೆ ಮೇಲ್ಮುಖವಾಗಿರಲಿ. ಎರಡು ಸಾಲುಗಳ ನಡುವೆ ಹೊಲಿಗೆ ಓಡಲಿ. ಹೊರಗೆ ಕಾಣುವ ಸಾಲನ್ನು ಆಮೇಲೆ ಬಿಚ್ಚಬಹುದು.

ಟ್ರಂಕಿನ ಖಣಕ್ಕೆ ಕತ್ತರಿ ಹಾಕುವ ಮುನ್ನ ಒಂದೇ ಒಂದು ತೋಳನ್ನು ಹಳೆಯ ಧೋತರದ ತುಂಡಿನಲ್ಲಿ ಹೊಲಿದು ನೋಡಿರಿ. ಒಂದು ಮಧ್ಯಾಹ್ನದ ಬಿಡುವು ಸಾಕು; ತಪ್ಪಿದ್ದರೆ ಅಲ್ಲಿಯೇ ತಿಳಿಯುತ್ತದೆ. ಬೆಳೆಯುವ ಹುಡುಗಿಯ ಕುಬಸವಾದರೆ ಪಟ್ಟಿಯನ್ನು 13ರ ಬದಲು 15 ಇಂಚು ಕತ್ತರಿಸಿ, ಹೆಚ್ಚಿನದನ್ನು ಒಳಗೆ ಮಡಿಸಿಡಿರಿ. ಮುಂದಿನ ವರ್ಷ ಮಗಳ ತೋಳು ತುಂಬಿಕೊಂಡಾಗ ಪಟ್ಟಿಯನ್ನು ಬಿಟ್ಟು, ಕೆಳಗಿನ ನಿರಿಗೆಯನ್ನು ಸಡಿಲಿಸಿದರೆ ಅದೇ ತೋಳು ಕೂಡುತ್ತದೆ. ಸಾದಾ ತೋಳಿನಲ್ಲಿ ಈ ಅನುಕೂಲವಿಲ್ಲ. ನಿರಿಗೆಯೊಳಗೆ ಅಡಗಿದ ಆ ನಾಲ್ಕು ಇಂಚು ಬಟ್ಟೆ ಸೊಗಸಿಗೂ ಆಯಿತು, ಉಳಿತಾಯಕ್ಕೂ ಆಯಿತು.