ವಾರದ ಸಂತೆ, ವಾರದ ಊಟ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರು ದಿನಕ್ಕೆ ಸುಮಾರು 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು ತಿನ್ನಬೇಕು. ನಾಲ್ವರಿರುವ ಮನೆಗೆ ಈ ಲೆಕ್ಕ ಹಾಕಿ ನೋಡಿ. ವಾರಕ್ಕೆ 11 ಕಿಲೋಗೂ ಹೆಚ್ಚು ತರಕಾರಿ, ಹತ್ತಿರ ಹತ್ತಿರ 3 ಕಿಲೋ ಹಣ್ಣು ಬೇಕಾಗುತ್ತದೆ. ಸಂಜೆ ಕೆಲಸ ಮುಗಿಸಿ ಬರುವ ದಾರಿಯಲ್ಲಿ ಅರ್ಧ ಕಿಲೋ ಬೀನ್ಸ್, ಕಾಲು ಕಿಲೋ ಟೊಮೆಟೊ ಕಟ್ಟಿಸಿಕೊಳ್ಳುವ ರೂಢಿಯಲ್ಲಿ ಇಷ್ಟು ತೂಕ ಕೂಡುವುದೇ ಇಲ್ಲ. ವಾರಕ್ಕೊಮ್ಮೆ ಎರಡು ದೊಡ್ಡ ಚೀಲ ಹಿಡಿದು ಸಂತೆಗೆ ಹೋದರೆ ಕೂಡುತ್ತದೆ. ಸಂತೆಯಿಂದ ಆರೋಗ್ಯಕ್ಕೆ ಆಗುವ ಲಾಭಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಮನೆಗೆ ಏನು ಬಂದಿದೆಯೋ ಅದನ್ನೇ ವಾರವೆಲ್ಲ ಬೇಯಿಸುತ್ತೇವೆ. ಬುಟ್ಟಿ ತುಂಬಿದ್ದರೆ ಊಟವೂ ತುಂಬುತ್ತದೆ.

ಸಂತೆ ಹೇಗೆ ನಡೆಯುತ್ತದೆಂದು ತಿಳಿದವರಿಗೆ ಒಳ್ಳೆಯ ಮಾಲು ಬೇಗ ಸಿಗುತ್ತದೆ. ಹತ್ತಿರದ ಊರುಗಳ ಸಂತೆಗಳು ಒಂದೇ ದಿನ ಬೀಳದಂತೆ ವಾರ ಹಂಚಿಕೊಂಡಿರುತ್ತವೆ. ಕೊಡಗನ್ನೇ ನೋಡಿ: ಸೋಮವಾರಪೇಟೆಯಲ್ಲಿ ಸೋಮವಾರ, ವಿರಾಜಪೇಟೆಯಲ್ಲಿ ಬುಧವಾರ, ಮಡಿಕೇರಿಯಲ್ಲಿ ಶುಕ್ರವಾರ, ಶನಿವಾರಸಂತೆಯಲ್ಲಿ ಶನಿವಾರ. ವ್ಯಾಪಾರಿಗಳು ಇವನ್ನೆಲ್ಲ ಸುತ್ತುತ್ತಾರೆ. ರೈತರು ತಮ್ಮ ಊರಿಗೆ ಹತ್ತಿರದ ಒಂದು ಸಂತೆಗೆ ಮಾತ್ರ ಬರುತ್ತಾರೆ. ಹಾಗಾಗಿ ಒಂದೇ ಸಾಲಿನಲ್ಲಿ ಕೂತವರಲ್ಲೂ ಎರಡು ಬಗೆಯವರಿರುತ್ತಾರೆ. ವ್ಯಾಪಾರಿಯ ಮುಂದೆ ಇಪ್ಪತ್ತು ಬಗೆ ತರಕಾರಿ, ಅಳತೆಗೆ ಕೊಯ್ದಂತೆ ಒಂದೇ ಗಾತ್ರದ ಕ್ಯಾರೆಟ್, ಪಕ್ಕದಲ್ಲಿ ಸೇಬು. ರೈತರ ಗೋಣಿತಟ್ಟಿನ ಮೇಲೆ ಎರಡೋ ಮೂರೋ ಬಗೆ: ಒಂದು ಗುಡ್ಡೆ ಬದನೆ, ಒಂದು ಗುಡ್ಡೆ ಹೀರೆ, ಹಿತ್ತಲ ಬಾಳೆಯ ಒಂದು ಗೊನೆ. ಗಾತ್ರ ಒಂದರಂತೆ ಒಂದಿಲ್ಲ, ತಕ್ಕಡಿಯೂ ಎಷ್ಟೋ ಸಲ ಇರುವುದಿಲ್ಲ, ಗುಡ್ಡೆಗೆ ಇಷ್ಟು ಎಂದು ಲೆಕ್ಕ. ಆಲೂಗಡ್ಡೆ, ಈರುಳ್ಳಿಯನ್ನು ವ್ಯಾಪಾರಿಯಿಂದ ಧಾರಾಳವಾಗಿ ಕೊಳ್ಳಿ. ಸೊಪ್ಪು, ಎಳೆ ತರಕಾರಿ, ಹಣ್ಣನ್ನು ಈ ಗೋಣಿತಟ್ಟಿನಿಂದ ಕೊಳ್ಳಿ. ಗುಡ್ಡೆಯ ಮೇಲೆ ಕೊಸರು ಕೇಳುವುದು ಸಂತೆಯ ಪದ್ಧತಿ. ಹತ್ತು ರೂಪಾಯಿ ಸೊಪ್ಪಿಗೆ ಐದಕ್ಕೆ ಚೌಕಾಸಿ ಮಾಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ; ಕೊಯ್ದು, ತೊಳೆದು, ಬಸ್ಸಿಗೆ ಹೊತ್ತು ತಂದ ಕೂಲಿಯೂ ಅಷ್ಟರಲ್ಲೇ ಹುಟ್ಟಬೇಕು.

ಸೊಪ್ಪಿನವರ ಮುಂದೆ ಒಂದು ನಿಮಿಷ ನಿಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯ ಸಂತೆಗಳಲ್ಲಿ ದಂಟು, ಕೀರೆ, ಮೆಂತ್ಯ, ಸಬ್ಬಸಿಗೆಯ ಕಂತೆಗಳ ಪಕ್ಕದಲ್ಲಿ ಹೆಸರಿಟ್ಟು ಕೇಳಲು ಬಾರದ ಒಂದು ರಾಶಿ ಇರುತ್ತದೆ. ಅದು ಬೆರಕೆ ಸೊಪ್ಪು. ಹೊಲದ ಬದುವಿನಲ್ಲಿ, ರಾಗಿ ಸಾಲುಗಳ ನಡುವೆ ತಾನಾಗಿ ಹುಟ್ಟಿದ ಅಣ್ಣೆ, ಹೊನಗೊನ್ನೆ, ಗೋಣಿ, ನುಗ್ಗೆಯ ಚಿಗುರು ಎಲ್ಲ ಅದರಲ್ಲಿ ಸೇರಿರುತ್ತವೆ. ಬೇರಿಗೆ ಮಣ್ಣು ಅಂಟಿರುತ್ತದೆ, ಒಂದೆರಡು ಎಲೆಗೆ ಹುಳು ಕೊರೆದ ತೂತು ಇರುತ್ತದೆ. ಮಾರುವ ಅಜ್ಜಿಯನ್ನು ಕೇಳಿದರೆ ಯಾವುದು ಕಹಿ, ಯಾವುದನ್ನು ಕಡಿಮೆ ಹಾಕಬೇಕು, ಮಸ್ಸೊಪ್ಪಿಗೆ ಯಾವ ಬೇಳೆ ಹೊಂದುತ್ತದೆ ಎಂದು ಕೈಯಲ್ಲಿ ಎಲೆ ಹಿಡಿದೇ ಹೇಳುತ್ತಾರೆ. ಉತ್ತರ ಕರ್ನಾಟಕದ ಸಂತೆಯಲ್ಲಾದರೆ ಹಕ್ಕರಕಿ, ರಾಜಗಿರಿ, ಎಳೆ ಮೆಂತ್ಯ. ಇವುಗಳಲ್ಲಿ ಹಕ್ಕರಕಿ, ಎಳೆ ಮೆಂತ್ಯ ಹಸಿಯಾಗಿಯೇ ಜೋಳದ ರೊಟ್ಟಿಯ ಜೊತೆ ತಟ್ಟೆಗೆ ಬರುತ್ತವೆ. ಸೂಪರ್ ಮಾರ್ಕೆಟ್ಟಿನ ಕಪಾಟಿನಲ್ಲಿ ಪಾಲಕ್, ಮೆಂತ್ಯ, ಕೊತ್ತಂಬರಿಗೆ ಮುಗಿಯುವ ಸೊಪ್ಪು ಇಲ್ಲಿ ಎಂಟು ಹತ್ತು ಬಗೆ. ಒಂದೊಂದು ಎಲೆಯ ಸತ್ವ ಒಂದೊಂದು ರೀತಿ. ದಂಟು, ನುಗ್ಗೆಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ನುಗ್ಗೆ ಸೊಪ್ಪಿನಲ್ಲಿ ವಿಟಮಿನ್ ಎ ಆಗಿ ಬದಲಾಗುವ ಕೆರೋಟಿನ್ ಕೂಡ ಬಹಳ.

ಸೊಪ್ಪು ತಿನ್ನಬೇಕೆಂಬುದನ್ನು ನಮ್ಮ ರಾಜ್ಯದಲ್ಲಿ ಒತ್ತಿ ಹೇಳಬೇಕಾಗಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ ಕಂಡಿತು. ಸೊಪ್ಪು ತಿಂದ ಮಾತ್ರಕ್ಕೆ ರಕ್ತಹೀನತೆ ವಾಸಿಯಾಗುವುದಿಲ್ಲ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಲೇಬಾರದು. ಸೊಪ್ಪಿನಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದೂ ಇಲ್ಲ. ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ, ಊಟದ ಜೊತೆ ನೆಲ್ಲಿಕಾಯಿ ಚಟ್ನಿಯೋ ಸೀಬೆಹಣ್ಣೋ ಇದ್ದರೆ, ಅದರ ವಿಟಮಿನ್ ಸಿ ಆ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಉಂಡ ಕೂಡಲೇ ಕಾಫಿ, ಟೀ ಕುಡಿದರೆ ಹೀರುವಿಕೆಗೆ ತಡೆ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಕೆರೋಟಿನ್ ಕರಗಲು ಜಿಡ್ಡು ಬೇಕು, ಅದಕ್ಕೆ ಒಗ್ಗರಣೆಯ ಒಂದು ಚಮಚ ಎಣ್ಣೆ ಸಾಕು. ಇನ್ನು ಬಸ್ಸಾರು. ಸೊಪ್ಪು ಬೇಯಿಸಿದ ನೀರಿಗೆ ವಿಟಮಿನ್ ಸಿ, ಫೋಲೇಟ್ ಇಳಿದುಬಿಡುತ್ತವೆ. ಆ ನೀರನ್ನು ಚೆಲ್ಲದೆ ಸಾರು ಮಾಡಿ, ಬಸಿದ ಸೊಪ್ಪನ್ನು ಪಲ್ಯ ಮಾಡುವ ನಮ್ಮ ಬಯಲುಸೀಮೆಯ ಹೆಂಗಸರ ಜಾಣ್ಮೆಗೆ ನಾನು ಕೈ ಮುಗಿಯುತ್ತೇನೆ.

ಕಿತ್ತ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಖರ್ಚು ಮಾಡುತ್ತದೆ, ನೀರು ಕಳೆದುಕೊಳ್ಳುತ್ತದೆ. ಎಲೆಯ ಮೈ ಅಗಲವಾದ್ದರಿಂದ ಸೊಪ್ಪಿಗೆ ಈ ನಷ್ಟ ಬೇಗ. ಬಿಸಿಲಿಗೆ ಬಾಡಿದ ಸೊಪ್ಪಿನಲ್ಲಿ ವಿಟಮಿನ್ ಸಿಯ ದೊಡ್ಡ ಪಾಲು ಒಂದೆರಡು ದಿನದಲ್ಲೇ ಹೋಗಿರುತ್ತದೆ. ಗೆಡ್ಡೆ, ಕುಂಬಳ, ಎಲೆಕೋಸು ನಿಧಾನ. ಆದ್ದರಿಂದ ಸೊಪ್ಪು ಬೇಕಿದ್ದರೆ ಬೆಳಿಗ್ಗೆಯೇ ಹೋಗಿ. ಸಂಜೆಗೆ ಬೆಲೆ ಇಳಿಯುವುದು ನಿಜ, ಆಗ ಸಿಹಿಗುಂಬಳ, ಸುವರ್ಣಗೆಡ್ಡೆ, ತೆಂಗಿನಕಾಯಿ ಕೊಳ್ಳುವುದು ಲಾಭ. ಮನೆಗೆ ಬಂದ ಮೇಲೆ ಸೊಪ್ಪಿನ ಕಟ್ಟು ಬಿಚ್ಚಿ, ಕೊಳೆತ ಎಲೆ ತೆಗೆದು, ತೊಳೆಯದೆ ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಅಡುಗೆಗೆ ತೆಗೆದಾಗ ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸತ್ವ ನೀರುಪಾಲು. ಮೊದಲ ಎರಡು ಮೂರು ದಿನ ಸೊಪ್ಪು, ಆಮೇಲೆ ಬೆಂಡೆ, ಹುರುಳಿಕಾಯಿ, ಹೀರೆ, ವಾರದ ಕೊನೆಗೆ ಗೆಡ್ಡೆ, ಕುಂಬಳ, ಜೊತೆಗೆ ಮೊಳಕೆ ಕಟ್ಟಿದ ಹುರುಳಿ. ಈ ಕ್ರಮ ಹಿಡಿದರೆ ಏನೂ ಬಿಸಾಡುವುದಿಲ್ಲ, ಇವತ್ತೇನು ಅಡುಗೆ ಎಂಬ ತಲೆಬಿಸಿಯೂ ಅರ್ಧ ಇಳಿಯುತ್ತದೆ.

ಋತುಮಾನದ ಆಹಾರ ಎಂಬ ಮಾತು ಸಂತೆಯಲ್ಲಿ ಕಣ್ಣಿಗೇ ಕಾಣುತ್ತದೆ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದರೆ ಕಣಿಲೆ, ಕೆಸುವಿನ ಎಲೆ, ಮದ್ದು ಸೊಪ್ಪು ಸಿಗುತ್ತವೆ. ಕಣಿಲೆ ಎಂದರೆ ಎಳೆ ಬಿದಿರು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ ಆಮೇಲೆ ಸಾರು ಮಾಡುತ್ತಾರೆ. ಕೆಸುವಿನಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲು ತುರಿಸುತ್ತವೆ, ಅದಕ್ಕೇ ಹುಣಸೆಯ ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು. ಮದ್ದು ಸೊಪ್ಪನ್ನು ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ರ ಸುಮಾರಿಗೆ, ಕುದಿಸಿ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುತ್ತಾರೆ. ಅಂದು ಆ ಎಲೆಗೆ ಹದಿನೆಂಟು ಔಷಧಿಗಳ ಗುಣ ಕೂಡುತ್ತದೆ ಎಂಬುದು ಕೊಡಗಿನವರ ನಂಬಿಕೆ. ಹೊಸಬರು ಇಂಥವನ್ನು ಕೊಳ್ಳುವಾಗ ಮಾಡುವ ವಿಧಾನವನ್ನೂ ಮಾರುವವರಿಂದಲೇ ಕೇಳಿ ತಿಳಿಯಬೇಕು. ಕಾಡಣಬೆಯನ್ನಂತೂ ಗುರುತು ಬಲ್ಲವರು ಜೊತೆಗಿಲ್ಲದೆ ಮುಟ್ಟಬೇಡಿ.

ಸಂತೆಗೆ ಬಂದದ್ದೆಲ್ಲ ಸಾವಯವ ಎಂದುಕೊಳ್ಳುವುದು ತಪ್ಪು. ಹೂಕೋಸು, ಬದನೆ, ಹಸಿಮೆಣಸಿನಕಾಯಿ, ದ್ರಾಕ್ಷಿಗೆ ಹಳ್ಳಿಯಲ್ಲೂ ಔಷಧಿ ಹೊಡೆಯುತ್ತಾರೆ. ಪ್ರತಿ ಕೀಟನಾಶಕಕ್ಕೂ ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದೆಂಬ ಅವಧಿ ಇದೆ. ಬೆಳೆದವರೇ ಎದುರಿಗಿರುವುದರಿಂದ, “ಯಾವಾಗ ಕಿತ್ತಿದ್ದು, ಔಷಧಿ ಹೊಡೆದು ಎಷ್ಟು ದಿನ ಆಯ್ತು, ನೀರು ಎಲ್ಲಿಯದು” ಎಂದು ಕೇಳಬಹುದು. ಪ್ಯಾಕೆಟ್ ತರಕಾರಿಯನ್ನು ಹೀಗೆ ಕೇಳಲಾಗದು. ನೀರಿನ ಪ್ರಶ್ನೆ ಬೆಂಗಳೂರಿನ ಸುತ್ತ ಬಹಳ ಮುಖ್ಯ. ವೃಷಭಾವತಿ ಹೊತ್ತು ತರುವ ನಗರದ ಕೊಳಚೆ ಬೈರಮಂಗಲ ಕೆರೆಗೆ ಸೇರುತ್ತದೆ, ಅಂಥ ನೀರಿನಲ್ಲಿ ಬೆಳೆದ ಸೊಪ್ಪಿಗೆ ಭಾರಲೋಹ ಸೇರುವ ಅಪಾಯವಿದೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲಿನ ಮಣ್ಣು, ಕೀಟನಾಶಕದ ಒಂದು ಪಾಲು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಮಾವು, ಬಾಳೆ ಹಣ್ಣಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಹಣ್ಣಿನ ಮೈಯೆಲ್ಲ ಒಂದೇ ಹಳದಿ, ಮೂಸಿದರೆ ವಾಸನೆಯೇ ಇಲ್ಲ ಎಂದರೆ ಅನುಮಾನ ಪಡಿ. ದೋರೆಗಾಯಿ ತಂದು ಮನೆಯಲ್ಲೇ ಹುಲ್ಲಿನಲ್ಲಿಟ್ಟು ಹಣ್ಣು ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಕಾಳುಕಡ್ಡಿಯ ಸಾಲನ್ನು ಮರೆಯಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬೋಂಡಾ, ಖಾರ, ಬಣ್ಣದ ಮಿಠಾಯಿಯೂ ಸಂತೆಯಲ್ಲೇ ಇವೆ. ಮಕ್ಕಳಿಗೆ ಅದನ್ನು ಪೂರಾ ತಪ್ಪಿಸುವುದಕ್ಕಿಂತ ಇಪ್ಪತ್ತು ರೂಪಾಯಿ ಕೈಗೆ ಕೊಟ್ಟು ಒಂದು ತರಕಾರಿ ನೀನೇ ಆರಿಸು ಎನ್ನಿ. ತಾನು ಆರಿಸಿ ತಂದದ್ದನ್ನು ಮಗು ತಟ್ಟೆಯಲ್ಲಿ ಬಿಡುವುದು ಕಡಿಮೆ.

ಕೆಲವರಿಗೆ ಒಂದು ಎಚ್ಚರಿಕೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತಗೊಳ್ಳುವವರು ಸೊಪ್ಪನ್ನು ಒಂದು ವಾರ ಕಂತೆಗಟ್ಟಲೆ, ಮುಂದಿನ ವಾರ ಏನೂ ಇಲ್ಲ ಎಂಬಂತೆ ತಿನ್ನಬಾರದು. ಅದರಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ, ಸೊಪ್ಪಿನ ಪ್ರಮಾಣ ದಿನಾ ಒಂದೇ ಥರ ಇರಲಿ. ಮೂತ್ರಪಿಂಡದ ಕಲ್ಲು ಇರುವವರು ಪಾಲಕ್, ದಂಟಿನ ವಿಷಯದಲ್ಲಿ, ಮೂತ್ರಪಿಂಡವೇ ದುರ್ಬಲವಾದವರು ಎಲ್ಲ ಹಣ್ಣು-ತರಕಾರಿಯ ಪ್ರಮಾಣದಲ್ಲಿ ವೈದ್ಯರನ್ನು ಕೇಳಿ ನಡೆಯಬೇಕು.

ಊರಿನಲ್ಲಿ ಸಂತೆ ಇಲ್ಲದ ನಗರವಾಸಿಗಳಿಗೂ ದಾರಿಯಿದೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಸದಸ್ಯ ರೈತರಿಂದ ಕೊಂಡು ತನ್ನ ಮಳಿಗೆಗಳಲ್ಲಿ ಮಾರುತ್ತದೆ. ಮಾಲು ಬರುವ ಹೊತ್ತು ತಿಳಿದುಕೊಂಡು ಹೋದರೆ ಸೊಪ್ಪು ತಾಜಾ ಸಿಗುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬೆಳೆಗಾರರೇ ಮೂಟೆ ತರುತ್ತಾರೆ. ಮೈಸೂರಿನಲ್ಲಿ ಸಹಜ ಸಮೃದ್ಧ ಸಂಸ್ಥೆ ನಡೆಸುತ್ತ ಬಂದಿರುವ ಗೆಡ್ಡೆಗೆಣಸು ಮೇಳದಲ್ಲಿ ಬೇರೆಲ್ಲೂ ಕಾಣದ ಗೆಡ್ಡೆಗಳು ಸಾಲಾಗಿ ಕೂತಿರುತ್ತವೆ. ಯಾವುದು ಸುಟ್ಟರೆ ರುಚಿ, ಯಾವುದನ್ನು ಹುಳಿ ಹಾಕದೆ ಬೇಯಿಸಿದರೆ ನಾಲಗೆ ತುರಿಸುತ್ತದೆ ಎಂದು ಬೆಳೆದವರ ಬಾಯಲ್ಲೇ ಕೇಳಿ ಒಂದೆರಡು ಕಿಲೋ ತನ್ನಿ. ಗಾಳಿಯಾಡುವ ಬುಟ್ಟಿಯಲ್ಲಿಟ್ಟರೆ ಹಲವು ದಿನ ಕೆಡುವುದಿಲ್ಲ.